ಗಂಟಿನ ಮೇಲಿನ ಹಚ್ಚೆ

ಬೆಂಗಳೂರಿಗೆ ಹೋಗಬೇಕಾದ ಕಾರು ತಾವರೆಕೆರೆಯ ಮನೆ ಮುಂದೆ ಬಂದು ನಿಂತಿತ್ತು. ಅಪ್ಪನ ಕೊರಳಿನ ಟವೆಲ್ ಸರಿಮಾಡಲು ಅಶ್ವಿನಿ ಕೈ ಚಾಚಿದಳು. ಅಪ್ಪ ದೊಡ್ಡರಂಗಯ್ಯ ಅವಳ ಕೈ ತಡೆದ. ಅಷ್ಟರಲ್ಲಿ ಅವಳಿಗೆ ಕಂಡಿತ್ತು: ದವಡೆಯ ಕೆಳಗಿನ ಗಂಟಿನ ತುಂಬ ಕಪ್ಪು ಚುಕ್ಕಿಗಳು, ಊದಿಕೊಂಡ ಚರ್ಮ.

"ಇದೇನಪ್ಪ?"

ಅವನು ಟವೆಲ್ ಮತ್ತೆ ಎಳೆದುಕೊಂಡ. ಅಮ್ಮ ಸಿದ್ದಗಂಗಮ್ಮ ಬಾಗಿಲಿಗೆ ಬಂದಳು. "ಹಚ್ಚೆ ಕಣಮ್ಮ. ನಿನ್ನೆ ಸಂಜೆ ಪಾವಗಡದ ಕಡೆ ಹಚ್ಚೆ ಹಾಕೋಳು ಬಂದಿದ್ಲು, ಹಾಕ್ಸ್‌ಬುಟ್ಟೆ. ಬೆಳಕು ಬುಟ್ಟು ಸುಡ್ತಾರೆ ಅಂತ ನೀನೇ ಅಂದೆ. ದಾರಿ ತಪ್ಪಿ ಒಳ್ಳೆ ಮಾಂಸ ಸುಟ್ರೆ? ಸೂಜಿ ಹಾಕಾಕೆ ಕುರಿಗೂ ಗುರ್ತು ಮಾಡ್ತೀವಿ, ಗಂಡಂಗೆ ಬ್ಯಾಡ್ವಾ?"

ಅಶ್ವಿನಿಗೆ ನಗು ಬರಲಿಲ್ಲ. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಪ್ಪನ ರಕ್ತಕ್ಕೆ ಚಿನ್ನದ ಕಣಗಳನ್ನು ಬಿಟ್ಟಿದ್ದರು, ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಮೆಲ್ಲಗೆ ಗಂಟಿಗೆ ಸೇರಿಕೊಳ್ಳುತ್ತವೆ. ಇವತ್ತು ಲೇಸರ್ ಬಿಟ್ಟಾಗ ಬೆಳಕು ಹೀರಿ ಬಿಸಿಯಾಗುತ್ತವೆ, ಕ್ಯಾನ್ಸರ್ ಕೋಶಗಳನ್ನು ಸುಡುತ್ತವೆ. ಆದರೆ ಹಚ್ಚೆಯ ಮಸಿಯೂ ಬೆಳಕು ಹೀರುತ್ತದೆ. ಮೇಲಿನ ಚರ್ಮ ಬೇಯುತ್ತದೆ, ಒಳಗಿನ ಗಂಟು ಹಾಗೇ ಉಳಿಯುತ್ತದೆ. ಪ್ರಯೋಗದ ಚಿಕಿತ್ಸೆ ಇದು, ಎರಡನೇ ಸಲ ಇಲ್ಲ ಎಂದು ಮೊದಲೇ ಹೇಳಿದ್ದರು.

ಡಾಕ್ಟರಿಗೆ ಫೋಟೊ ಕಳಿಸಿ ಕಾದಳು. ಡ್ರೈವರ್ ಹಾರ್ನ್ ಒತ್ತಿ, ಇವರ ಮುಖ ನೋಡಿ ಸುಮ್ಮನಾದ.

ಫೋನ್ ಬಂತು. "ಆ ಚರ್ಮ ಕತ್ತರಿಸಿ ತೆಗೆದರೆ ಮಾತ್ರ ಇವತ್ತು ಲೇಸರ್ ಸಾಧ್ಯ. ನಿಮ್ಮ ತಂದೆ ಒಪ್ತಾರಾ?"

ಒಪ್ಪುವವನಾಗಿದ್ದರೆ ಈ ಚಿಕಿತ್ಸೆಯೇ ಬೇಕಿರಲಿಲ್ಲ. ಆಪರೇಷನ್ನಿಗೆ ಒಳಗೆ ಹೋದ ಅವನ ಅಣ್ಣ ಬದುಕಿ ಹೊರಗೆ ಬಂದಿರಲಿಲ್ಲ. ಅಂದಿನಿಂದ ಕುಯ್ಯುವ ಮಾತೆತ್ತಿದರೆ ಸಾಕು, ದೊಡ್ಡರಂಗಯ್ಯ ಎದ್ದು ಹೋಗುತ್ತಿದ್ದ.

ಅಶ್ವಿನಿ ಡಾಕ್ಟರ್ ಹೇಳಿದ್ದನ್ನು ಹೇಳಿದಳು. ಅವನು ಎದ್ದ.

ಸಿದ್ದಗಂಗಮ್ಮ ಹೊಸಿಲ ಮೇಲೆ ಕುಸಿದಳು. "ನಾನೇ ನಿಮ್ಮಪ್ಪನ ತಿಂದ್ಕಂಬುಟ್ಟೆ."

ಅವನು ಕಾರಿನವರೆಗೆ ನಡೆದು ಬಾಗಿಲು ತೆರೆದ. ಹತ್ತಲಿಲ್ಲ. ಸೀಟನ್ನೇ ನೋಡುತ್ತ ನಿಂತ.

"ಲೇ, ಎದ್ದು ಬಾರೇ," ಎಂದ, ತಿರುಗದೆ.

"ನಾನ್ಯಾಕೆ? ಮಾಡಿದ್ದು ಸಾಲ್ದಾ?"

"ಅಲ್ಲಿ ನಾನು ಎದ್ದು ಓಡಿದ್ರೆ ಹಿಡ್ಕಳಾಕೆ ಯಾರವ್ರೆ? ಇವಳ ಕೈಲಿ ಆಗಲ್ಲ."

ಸಿದ್ದಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ಡಾಕ್ಟರ್ ಇನ್ನೂ ಫೋನಿನಲ್ಲಿದ್ದರು. "ಒಪ್ಪಿದ್ರು ಅಂತ ಹೇಳ್ಲಾ ಅಪ್ಪ?" ಎಂದಳು ಅಶ್ವಿನಿ.

"ನಿಮ್ಮವ್ವ ಬತ್ತಾಳೆ ಅಂತ ಹೇಳು," ಎಂದು ಅವನು ಒಳಗೆ ಕೂತ.