ತೊಳೆದ ಮಾತು

ಒಂದಾನೊಂದು ಕಾಲದಲ್ಲಿ, ಊರಿನ ಹಿರಿಯರು ನ್ಯಾಯ ಹೇಳಲು ಕೂತರೆ ತಟ್ಟನೆ ತೀರ್ಪು ಕೊಡುತ್ತಿರಲಿಲ್ಲವಂತೆ. ಎರಡೂ ಕಡೆಯವರ ಅಹವಾಲು ಕೇಳಿ, ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ, "ತಾಳಿ, ಮುದುಕಿಯನ್ನು ಕೇಳಿಕೊಂಡು ಬರುತ್ತೇವೆ" ಎಂದು ಗೋಡೆಯ ಆಚೆ ಹೋಗುತ್ತಿದ್ದರಂತೆ. ಗೋಡೆಯ ಆಚೆ ಮುದುಕಿಯೂ ಇಲ್ಲ, ಅವಳ ಊರುಗೋಲೂ ಇಲ್ಲ. ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು ಬಂದು "ಮುದುಕಿ ಹೀಗೆಂದಳು" ಎನ್ನುತ್ತಿದ್ದರು. ಸೋತವನು ಹಿರಿಯರ ಮೇಲೆ ಸಿಟ್ಟಾಗುವಂತಿರಲಿಲ್ಲ, ಕಾಣದ ಮುದುಕಿಯ ಮೇಲೆ ಸಿಟ್ಟಾಗಿ ಫಲವಿರಲಿಲ್ಲ. ಕುಮಾಸಿ ನಗರದಲ್ಲಿ ಇಂದಿಗೂ ಆ ಮಾತು ಸತ್ತಿಲ್ಲ. ಆದರೆ ಈ ಕಥೆಯಲ್ಲಿ ಗೋಡೆಯ ಆಚೆ ನಿಜಕ್ಕೂ ಒಬ್ಬ ಹೆಂಗಸಿದ್ದಳು. ಹೆಸರು ಫೋಸುವಾ. ವಯಸ್ಸು ಐವತ್ತೊಂಬತ್ತು.

"ನಾವು ಮುದುಕೀನ ಕೇಳಿ ಹೇಳ್ತೀವಿ ಕಣಮ್ಮ" ಎಂದು ಪತ್ರಿಕೆಯ ಸಂಪಾದಕ ಡಾರ್ಕೊ ಹೇಳಿದಾಗ ಫೋಸುವಾ ಅವನ ಕೋಣೆಯ ಬಾಗಿಲಲ್ಲೇ ನಿಂತಿದ್ದಳು.

"ಮುದುಕಿ ಇಲ್ಲೇ ಇದಾಳೆ. ಕಿವೀನೂ ಕೇಳಿಸುತ್ತೆ" ಎಂದಳು.

ಡಾರ್ಕೊ ನಕ್ಕ. ಎದುರಿಗೆ ಕೂತಿದ್ದ ಹೆಂಗಸು ನಗಲಿಲ್ಲ. ಅವಳು ಕಾದಿಯಾ, ದೊಡ್ಡ ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವಳು. ಎರಡು ಗಡಿ ದಾಟಿದ ಮೇಲೆ ಸಿಗುವ ದೇಶದಿಂದ ನಾಲ್ಕು ವರ್ಷದ ಹಿಂದೆ ಓಡಿ ಬಂದವಳು. ಅಲ್ಲಿ ಈಗ ಆಳುತ್ತಿರುವವನು ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದ. ಲಾರಿ ಸಂಘದಿಂದ ಎದ್ದು ಅರಮನೆ ಸೇರಿದ ಮೇಲೂ ಭಾಷಣವನ್ನು ಲಾರಿಯ ನೆತ್ತಿಯ ಮೇಲೆ ನಿಂತೇ ಮಾಡುತ್ತಿದ್ದ. ಅಧ್ಯಕ್ಷ ಅಂದರೆ ಯಾರಿಗೂ ತಿಳಿಯದು, ಡ್ರೈವರ್ ಅಂದರೆ ಎಲ್ಲರಿಗೂ ಗೊತ್ತು. ಕುಮಾಸಿಯ ಹುಡುಗರು ಕೂಡ ಅವನ ಮುಖದ ಟೀ ಶರ್ಟು ಹಾಕಿಕೊಂಡು ತಿರುಗುತ್ತಿದ್ದರು.

ಕಾದಿಯಾ ಮೇಜಿನ ತುಂಬ ಪತ್ರಿಕೆಯ ತುಣುಕುಗಳನ್ನು ಹರಡಿದ್ದಳು. ಎಲ್ಲವೂ ಆ ದೇಶದಲ್ಲಿದ್ದ ಪತ್ರಿಕೆಯ ವರದಿಗಾರ ಅದೊಮಾಕೊ ಕಳಿಸಿದ ವರದಿಗಳು. ಪಕ್ಕದಲ್ಲಿ ಅವಳಂತೆಯೇ ಓಡಿ ಬಂದ ನಲವತ್ತೊಂದು ಜನರ ರುಜು, ಹೆಬ್ಬೆಟ್ಟು ಇದ್ದ ದೂರು.

"ನನಗೆ ಇಂಗ್ಲಿಷ್ ಓದಕ್ಕೆ ಬರಲ್ಲ ಅಕ್ಕ. ನನ್ನ ಮಗಳು ಓದಿ ಹೇಳ್ತಾಳೆ" ಎಂದಳು, ಹೊಸದಾಗಿ ಕಲಿತ ಕುಮಾಸಿಯ ಭಾಷೆಯಲ್ಲಿ, ಒಂದೊಂದೇ ಮಾತನ್ನು ಕೆಳಗಿಟ್ಟಂತೆ. "ಅವಳು ಓದೋದು ಕೇಳಿದ್ರೆ, ಈ ಡ್ರೈವರ್ ಯಾರೋ ಒಳ್ಳೇ ಯಜಮಾನ ಅನ್ಸುತ್ತೆ. ಪಾಪ, ದೇಶಕ್ಕೋಸ್ಕರ ನಿದ್ದೆ ಇಲ್ಲ ಇವನಿಗೆ ಅನ್ಸುತ್ತೆ. ನನ್ನ ತಮ್ಮನ್ನ ಜೈಲಿಗೆ ಹಾಕಿದ್ದು ಇವನೇನಾ ಅಂತ ನನಗೇ ಅನುಮಾನ ಬರುತ್ತೆ. ನಿಮ್ಮ ವರದಿಗಾರ ಅವನ ಪಕ್ಷದವನಾ? ಇಷ್ಟೇ ನನ್ನ ಪ್ರಶ್ನೆ. ಹೌದು ಅನ್ನಿ, ಇಲ್ಲ ಅನ್ನಿ."

ಓದುಗರ ದೂರು ವಿಚಾರಿಸಿ ಪತ್ರಿಕೆಯ ಎರಡನೇ ಪುಟದಲ್ಲಿ ತೀರ್ಮಾನ ಬರೆಯುವುದು ಫೋಸುವಾಳ ಕೆಲಸ. ನಿವೃತ್ತಿಗೆ ಮುಂಚೆ ಕೊಟ್ಟ ಹಗುರವಾದ ಕುರ್ಚಿ ಅದು. ಇದುವರೆಗೆ ಬಂದ ದೂರುಗಳೆಂದರೆ ಸಾವಿನ ಜಾಹೀರಾತಿನಲ್ಲಿ ಹೆಸರು ಬಿಟ್ಟುಹೋದದ್ದು, ಫುಟ್‌ಬಾಲ್ ಪಂದ್ಯದ ಗೋಲು ತಪ್ಪಾದದ್ದು.

"ಬರೋ ಶುಕ್ರವಾರ ಹೇಳ್ತೀನಿ. ಪತ್ರಿಕೇಲೂ ಬರುತ್ತೆ, ನಿಮ್ಮ ಅಂಗಡಿಗೇ ಬಂದು ಓದಿಯೂ ಹೇಳ್ತೀನಿ" ಎಂದಳು.

ಕಾದಿಯಾ ಹೋದ ಮೇಲೆ ಡಾರ್ಕೊ ಕುರ್ಚಿಗೆ ಒರಗಿದ. "ಶುಕ್ರವಾರ ಅಂದುಬಿಟ್ಯಲ್ಲ. ನೋಡು, ನೀನು ಹೌದು ಅಂದ್ರೆ ಅದೊಮಾಕೊನ್ನ ಆ ದೇಶದಿಂದ ವಾಪಸು ಕರೆಸಲೇಬೇಕು. ಮಾಲೀಕರು ಹೇಳಿಯಾಗಿದೆ. ಇಲ್ಲ ಅಂದ್ರೆ ನಲವತ್ತೊಂದು ಜನ ಬಾಗಿಲಿಗೆ ಬರ್ತಾರೆ. ಹಾವು ಸಾಯಬೇಕು, ಕೋಲು ಮುರೀಬಾರದು, ಹಂಗೆ ಬರಿ."

"ಹಾವು ಯಾರು?"

"ಅದನ್ನೂ ನೀನೇ ನೋಡ್ಕೋ" ಎಂದ ಡಾರ್ಕೊ.

ಮೊದಲ ಶುಕ್ರವಾರ ಬಂತು, ಹೋಯಿತು. ಫೋಸುವಾ ಕಾದಿಯಾಳಿಗೆ ಫೋನು ಮಾಡಿ ಇನ್ನೊಂದು ವಾರ ಕೇಳಿದಳು. ಕಾದಿಯಾ ಫೋನು ಇಟ್ಟುಬಿಟ್ಟಳು.

ಅದೊಮಾಕೊ ರಜೆಯ ಮೇಲೆ ಊರಿಗೆ ಬಂದಿದ್ದ. ಕಚೇರಿಯ ಎದುರಿನ ಅನ್ನದ ಅಂಗಡಿಯಲ್ಲಿ ಎಲೆಯ ಮೇಲೆ ಅಲಸಂದೆ ಅನ್ನ, ಮೊಟ್ಟೆ, ಕರಿದ ಮೀನು ಹಾಕಿಸಿಕೊಂಡು ಇಬ್ಬರೂ ಬೆಂಚಿನ ಮೇಲೆ ಕೂತರು. ಹನ್ನೊಂದು ವರ್ಷದ ಹಿಂದೆ ಇವನು ಕೆಲಸಕ್ಕೆ ಸೇರಿದಾಗ ಮೊದಲ ಸುದ್ದಿಯನ್ನು ತಿದ್ದಿದವಳು ಫೋಸುವಾ. ಈಗ ಅವನ ಕಿವಿಯ ಪಕ್ಕದಲ್ಲಿ ಒಂದೆರಡು ಬಿಳಿಕೂದಲು.

"ಆಂಟಿ, ನೀವೂ ನಂಬಿದೀರಾ?"

"ನಂಬೋದು ನನ್ನ ಕೆಲಸ ಅಲ್ಲಪ್ಪ. ಹೇಳು. ಅವನು ನಿನಗೆ ಇಷ್ಟಾನಾ?"

"ಡ್ರೈವರ್?" ಅದೊಮಾಕೊ ಮೀನಿನ ಮುಳ್ಳು ಬಿಡಿಸುತ್ತ ಕೂತ. "ಅವನ ಜೊತೆ ಊಟ ಮಾಡಿಲ್ಲ. ಅವನ ಕಾರಲ್ಲಿ ಕೂತಿಲ್ಲ. ಹೋದ ವರ್ಷ ಅವನ ಪೊಲೀಸರು ನನ್ನ ಕ್ಯಾಮೆರಾ ಒಡೆದ್ರು. ಯಾವ ಸಾಲು ಸುಳ್ಳು ಅಂತ ತೋರಿಸಿ. ಒಂದು ಸಾಲು."

"ಕಾದಿಯಾ ತೋರಿಸಿಲ್ಲ. ಸುಳ್ಳು ಅಂತ ಅವಳು ಅನ್ನಲೂ ಇಲ್ಲ."

"ಮತ್ತೆ?"

"ನಿನ್ನ ಹತ್ರ ಭಾಷಣಗಳ ರೆಕಾರ್ಡಿಂಗ್ ಇದೆಯಾ?" ಎಂದಳು.

"ಎಲ್ಲಾ ಇದೆ. ನಾಳೇನೇ ಕೊಡ್ತೀನಿ" ಎಂದ. ಕೊಟ್ಟೂ ಕೊಟ್ಟ. ಮುಚ್ಚಿಡುವವನು ಹಾಗೆ ಕೊಡುವುದಿಲ್ಲ ಎಂದು ಫೋಸುವಾಳಿಗೆ ಅನ್ನಿಸಿತು, ಸ್ವಲ್ಪ ಹಾಯೆನಿಸಿತು. ಆ ದೇಶದ ಭಾಷೆ ಬಲ್ಲ ಒಬ್ಬ ಕಾಲೇಜು ಮೇಷ್ಟರಿಗೆ ಒಪ್ಪಿಸಿ, "ಮಾತಿಗೆ ಮಾತು ಬರೀರಿ, ಕೆಮ್ಮಿದ್ರೆ ಕೆಮ್ಮಿದ ಅಂತ ಬರೀರಿ" ಎಂದಳು.

ಎರಡನೆಯ ಶುಕ್ರವಾರವೂ ಕಳೆದ ಮೇಲೆ ಮೇಷ್ಟರ ಹಾಳೆಗಳು ಬಂದವು. ಎಡಗಡೆ ಅದೊಮಾಕೊನ ವರದಿ, ಬಲಗಡೆ ಮೇಷ್ಟರ ಹಾಳೆ ಇಟ್ಟುಕೊಂಡು, ಅಕ್ಕಿ ಆರಿಸುವವಳ ಹಾಗೆ ಅವಳು ಒಂದೊಂದೇ ಸಾಲು ನೋಡತೊಡಗಿದಳು.

ಡ್ರೈವರ್ ನದಿಯ ದಂಡೆಯ ಒಂದು ಊರಲ್ಲಿ ಮಾತಾಡಿದ್ದ. ಬಲಗಡೆಯ ಹಾಳೆ ಹೀಗಿತ್ತು: "ಆ ಮೇಷ್ಟ್ರುಗಳು, ಆ ಪೇಪರ್‌ನೋರು, ಏನು, ಏನಂತಾರೆ, ಹಾಂ, ನನ್ನ ಲಾರಿ ಅವರಿಗೆ ಹಿಡಿಸಲ್ವಂತೆ. ಇಳೀರಿ. ನದಿ ಹತ್ರಾನೇ ಇದೆ. ಮೊಸಳೆಗೂ ಹೆಂಡತಿ ಮಕ್ಕಳಿದಾರೆ, ಅವೂ ಈ ದೇಶದ ಪ್ರಜೆಗಳೇ, ಅವೂ ಉಣ್ಣಬೇಕು. (ಜನ ನಗುತ್ತಾರೆ. ಬಹಳ ಹೊತ್ತು.)"

ಎಡಗಡೆ ಪತ್ರಿಕೆಯಲ್ಲಿ ಬಂದದ್ದು ಹೀಗೆ: "ಸರ್ಕಾರದ ದಾರಿಯನ್ನು ಒಪ್ಪದವರಿಗೆ ಪಯಣದಿಂದ ಹಿಂದೆ ಸರಿಯುವ ಸ್ವಾತಂತ್ರ್ಯವಿದೆ ಎಂದ ಅಧ್ಯಕ್ಷರು, ದೇಶದ ಸಂಪತ್ತು ಅದರ ಎಲ್ಲ ಜೀವಿಗಳಿಗೂ ಸೇರಿದ್ದೆಂದು ನೆನಪಿಸಿದರು."

ಫೋಸುವಾ ಕನ್ನಡಕ ತೆಗೆದು ಒರೆಸಿಕೊಂಡಳು. ಹನ್ನೆರಡು ಭಾಷಣ, ಹನ್ನೆರಡು ವರದಿ. ಎಲ್ಲದರಲ್ಲೂ ಹೀಗೇ. ಬೈಗುಳ ಎಚ್ಚರಿಕೆಯಾಗಿತ್ತು, ಬಡಾಯಿ ವಿಶ್ವಾಸವಾಗಿತ್ತು, ಅರ್ಧಕ್ಕೆ ಬಿಟ್ಟ ಮಾತಿಗೆ ಬಾಲ ಬಂದಿತ್ತು. ಹಾಗಾದರೆ ಇವನು ಎಲ್ಲರ ಮಾತನ್ನೂ ಹೀಗೆಯೇ ತಿದ್ದುತ್ತಾನೇನೋ, ಅದೊಂದು ಚಾಳಿ ಇರಬಹುದು ಎಂದು ಅವಳು ಅಲ್ಲಿನ ವಿರೋಧ ಪಕ್ಷದ ನಾಯಕಿಯ ಭಾಷಣದ ಹಾಳೆಗಳನ್ನೂ ವರದಿಗಳನ್ನೂ ತೆಗೆದಳು. ಆಕೆ ಒಬ್ಬ ಶಾಲಾ ಶಿಕ್ಷಕಿ. ಅಲ್ಲಿ ಅದೊಮಾಕೊ ಒಂದಕ್ಷರ ಮುಟ್ಟಿರಲಿಲ್ಲ. "ನಾವು, ಅಂದ್ರೆ, ನಾವು ಬಿಡಲ್ಲ, ನೋಡ್ತಿರಿ, ಅವನ ಲಾರಿ, ಥೂ, ಆ ಲಾರಿ" ಎಂದು ಆಕೆ ಉಗ್ಗಿದ್ದು, ಕಿರುಚಿದ್ದು, ಮೂಗು ಒರೆಸಿಕೊಂಡದ್ದು, ಎಲ್ಲ ಇದ್ದದ್ದು ಇದ್ದ ಹಾಗೆ ಅಚ್ಚಾಗಿತ್ತು. ಪತ್ರಿಕೆ ಓದಿದವನಿಗೆ ಒಂದು ಕಡೆ ಗಂಭೀರ ಯಜಮಾನ, ಇನ್ನೊಂದು ಕಡೆ ತಲೆ ಕೆಟ್ಟ ಹೆಂಗಸು. ಸುಳ್ಳು ಮಾತ್ರ ಎಲ್ಲೂ ಇರಲಿಲ್ಲ.

ಮರುದಿನ ಅವಳು ಅವನನ್ನು ಕರೆಸಿ ಎರಡೂ ಹಾಳೆಗಳನ್ನು ಮುಂದಿಟ್ಟಳು. ಅವನು ಬಹಳ ಹೊತ್ತು ಓದಿದ.

"ನಿನ್ನ ತಾತ ಯಾವ ಅರಸರ ಹತ್ರ ಇದ್ರು?" ಎಂದು ಅವಳು ಕೇಳಿದಳು.

"ನಮ್ಮೂರ ಅರಸರ ಹತ್ರ. ಒಚಿಯಾಮೆ ಆಗಿದ್ರು. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಅರಸ ನೇರವಾಗಿ ಜನರೊಡನೆ ಮಾತಾಡುವುದಿಲ್ಲ. ಪಕ್ಕದಲ್ಲಿ ಚಿನ್ನದ ಹಿಡಿಯ ಕೋಲು ಹಿಡಿದು ನಿಂತ ಒಚಿಯಾಮೆಯ ಕಿವಿಗೆ ಹೇಳುತ್ತಾನೆ. ಅವನು ಅದನ್ನು ಗಾದೆಯಲ್ಲಿ ಅದ್ದಿ, ಜೇನು ಸವರಿ, ಸಭೆಗೆ ದಾಟಿಸುತ್ತಾನೆ. ಅರಸ ಕುಡಿದು ಕೂಗಿದರೂ ಸಭೆಗೆ ತಲುಪುವುದು ತಂಪಾದ ಮಾತು. ಅರಸನ ಹಸಿ ಬಾಯನ್ನು ಹೊರಗೆ ತಂದ ಒಚಿಯಾಮೆಗೆ ಊರಲ್ಲಿ ಮುಖವಿಲ್ಲ.

"ಚಿಕ್ಕವನಿದ್ದಾಗ ನಾನು ತಾತನ ಕೋಲು ಹೊರ್ತಿದ್ದೆ" ಎಂದ ಅದೊಮಾಕೊ. "ಒಂದ್ಸಲ ಅರಸರು ಒಬ್ಬನಿಗೆ 'ನಾಯಿಗೆ ಹುಟ್ಟಿದವನೇ' ಅಂದ್ರು. ತಾತ ಸಭೆಗೆ ಹೇಳಿದ್ದು, 'ಅರಸರು ಕೇಳ್ತಾರೆ, ನಿನ್ನ ತಂದೆ ಇವತ್ತು ಇಲ್ಲಿದ್ದಿದ್ದರೆ ಏನನ್ನುತ್ತಿದ್ದರು?' ಅಂತ. ಆ ಮನುಷ್ಯ ಅತ್ತುಬಿಟ್ಟ. ಕ್ಷಮೆ ಕೇಳಿದ. ಜಗಳ ಅಲ್ಲಿಗೇ ಮುಗೀತು." ಅವನು ಹಾಳೆಯ ಮೇಲೆ ಬೆರಳಿಟ್ಟ. "ಕುರ್ಚಿ ಮೇಲೆ ಕೂತವರ ಬಾಯಿ ಹಸಿಯಾಗಿ ಬರೆಯೋಕೆ ನನ್ನ ಕೈ ಬರೋದೇ ಇಲ್ಲ ಆಂಟಿ. ಬರೀವಾಗ ಗೊತ್ತೂ ಆಗಲ್ಲ."

"ಆ ಟೀಚರಮ್ಮನ ಬಾಯಿ?"

ಅವನು ಮೆಲ್ಲಗೆ, "ಅವಳಿಗೆ ಕುರ್ಚಿ ಇಲ್ಲ" ಎಂದ. ತಾನೇ ಹೇಳಿದ್ದನ್ನು ತಾನೇ ಕೇಳಿಸಿಕೊಂಡು ತಲೆ ತಗ್ಗಿಸಿದ.

ಫೋಸುವಾಳಿಗೆ ಹನ್ನೊಂದು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿತ್ತು. ಇದೇ ಹುಡುಗ ಒಬ್ಬ ಮಂತ್ರಿಯ ಮಾತನ್ನು ಇದ್ದಂತೆ ಬರೆದು ತಂದಿದ್ದ. ಮಂತ್ರಿ ಭಾಷಣದಲ್ಲಿ ಹಾದಿಬೀದಿಯ ಮಾತಾಡಿದ್ದ. ಅವಳು ನೀಲಿ ಪೆನ್ನಿನಲ್ಲಿ ಅಡ್ಡಗೆರೆ ಎಳೆದು, "ಇದು ಪತ್ರಿಕೆ ಕಣಪ್ಪ, ಹೆಂಡದಂಗಡಿ ಅಲ್ಲ. ಸ್ವಲ್ಪ ತೊಳೆದು ಕೊಡು" ಎಂದಿದ್ದಳು. ತೊಳೆದು ತಂದಾಗ ಬೆನ್ನು ತಟ್ಟಿದ್ದಳು. ತಾತನ ಪಾಠ ಅವನಿಗೆ ಅರ್ಧ ಮರೆತಿದ್ದರೆ ಉಳಿದರ್ಧವನ್ನು ನೆನಪಿಸಿದವಳು ಅವಳೇ.

"ಹೌದು ಅಂತ ಬರೀತೀರಾ?" ಎಂದು ಅವನು ಕೇಳಿದ. "ಆ ದೇಶದಲ್ಲಿ ಐದು ವರ್ಷ ಮಣ್ಣು ಹೊತ್ತಿದೀನಿ ಆಂಟಿ. ಬೇರೆ ಯಾರನ್ನ ಕಳಿಸಿದ್ರೂ ಯಾವ ಬಾಗಿಲು ತಟ್ಟಬೇಕು ಅಂತ ತಿಳಿಯೋಕೇ ಎರಡು ವರ್ಷ ಬೇಕು. ಈಗ ನನಗೆ ಗೊತ್ತಾಯ್ತಲ್ಲ, ಇನ್ನು ಸರಿ ಮಾಡ್ಕೋತೀನಿ."

"ಮಾಡ್ಕೋತೀಯ. ಅದು ನನಗೆ ಗೊತ್ತು."

"ಮತ್ತೆ?"

"ಕಾದಿಯಾ ಕೇಳಿದ್ದು ಮುಂದಿನದಲ್ಲ, ಹಿಂದಿನದು."

ತೀರ್ಮಾನ ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಬರೆದದ್ದು ಒಂದೇ ಹಾಳೆ. ಡಾರ್ಕೊ ಅದನ್ನು ನಿಂತೇ ಓದಿದ, ಕೂತು ಇನ್ನೊಮ್ಮೆ ಓದಿದ.

"ಹೌದು ಅಂತ ಬರೆದಿದೀಯ. ಸರಿ. ಕೊನೇಲಿ ನಿನ್ನ ಹೆಸರು ಯಾಕೆ ಬಂತು?"

"ಅವನಿಗೆ ತೊಳೆಯೋದು ಕಲಿಸಿದ್ದು ನಾನೇ, ಅದಕ್ಕೆ ಬಂತು."

"ಓದೋರು ನಗ್ತಾರೆ. ನ್ಯಾಯಾಧೀಶೇನೇ ಕಟಕಟೇಲಿ ನಿಂತಳು ಅಂತಾರೆ. ಆ ಸಾಲು ತೆಗೆದುಬಿಡು ತಾಯಿ. ಇಲ್ಲಾಂದ್ರೆ ಸ್ವಲ್ಪ ನಯ ಮಾಡು."

"ನಯ ಮಾಡಿಯೇ ಇಲ್ಲಿಗೆ ಬಂದಿದೀವಿ ಡಾರ್ಕೊ" ಎಂದಳು ಫೋಸುವಾ. ಡಾರ್ಕೊ ಹಾಳೆಯ ಕೆಳಗೆ ರುಜು ಹಾಕಿದ.

ಮೂರನೆಯ ಶುಕ್ರವಾರ ಬೆಳಿಗ್ಗೆ ಅವಳು ಅದೊಮಾಕೊನನ್ನು ಜೊತೆಗೆ ಕರೆದುಕೊಂಡು ಮಾರುಕಟ್ಟೆಗೆ ಹೊರಟಳು. ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದಳು. ಆದರೆ ಕಾದಿಯಾಳಿಗೆ ಪೂರ್ತಿ ತಿಳಿಯುವುದು ಅವಳ ಸ್ವಂತ ಭಾಷೆ, ಪತ್ರಿಕೆಯಲ್ಲಿ ಆ ಭಾಷೆ ಬಲ್ಲವನು ಇವನೊಬ್ಬನೇ. "ಬೇರೆ ಯಾರನ್ನಾದ್ರೂ ಹುಡುಕ್ತೀನಿ, ಬೇಡ ಅನ್ಸಿದ್ರೆ ಹೇಳು" ಎಂದಿದ್ದಳು. ಅವನು ಅಂಗಿ ಬದಲಿಸಿ ಬಂದಿದ್ದ. ಅವನನ್ನು ಊರಿಗೇ ಕರೆಸಿ, ಬರುವ ತಿಂಗಳಿಂದ ಕೋಕೋ ಮತ್ತು ಗೆಣಸಿನ ಪೇಟೆ ಧಾರಣೆಯ ಪುಟಕ್ಕೆ ಹಾಕಿದ ಆದೇಶ ಆಗಲೇ ಕಚೇರಿಯ ಗೋಡೆಗೆ ಅಂಟಿತ್ತು.

ಕಾದಿಯಾಳ ಅಂಗಡಿ ಎಂದರೆ ಮಂಚದಗಲದ ಜಾಗ. ಮೂರು ಗೋಡೆಗೂ ಹೂವಿನ, ಹಕ್ಕಿಯ, ಬೀಸಣಿಗೆಯ ಚಿತ್ರದ ಬಟ್ಟೆಗಳು. ಅವಳು ಅದೊಮಾಕೊನನ್ನು ಫೋಟೋದಲ್ಲಿ ನೋಡಿದ್ದಳು. ಗುರುತು ಹಿಡಿದು ಎದ್ದು ನಿಂತಳು.

"ಇವನ್ನ ಯಾಕೆ ತಂದ್ರಿ?"

"ನಿಮ್ಮ ಭಾಷೇಲಿ ಓದೋಕೆ."

"ಇವನು ಓದಿದ್ರೆ ಬೈಗುಳಾನೂ ಹಬ್ಬದೂಟ ಆಗುತ್ತೆ. ನನಗೆ ಅಭ್ಯಾಸ ಇದೆ" ಎಂದಳು ಕಾದಿಯಾ. ಆದರೂ ಮಣೆ ಎಳೆದು ಹಾಕಿದಳು. ಅದೊಮಾಕೊ ಕೂರಲಿಲ್ಲ. ನಿಂತೇ ಓದತೊಡಗಿದ.

ಫೋಸುವಾಳಿಗೆ ಆ ಭಾಷೆ ಒಂದಕ್ಷರ ಬರದು. ಅವನು ತೊಳೆದರೆ ಅವಳಿಗೆ ತಿಳಿಯುವಂತಿರಲಿಲ್ಲ. ಅವಳು ಕಾದಿಯಾಳ ಮುಖವನ್ನೇ ನೋಡುತ್ತ ಕೂತಳು. ಬಟ್ಟೆ ಮಡಿಸುತ್ತಿದ್ದ ಕಾದಿಯಾಳ ಕೈ ಮೊಸಳೆಯ ಸಾಲು ಬಂದಾಗಲೇ ಇರಬೇಕು, ನಿಂತಿತು. ಮುಂದೆ ಒಂದು ಕಡೆ ಅದೊಮಾಕೊ ಅರ್ಧಕ್ಕೆ ನಿಂತ. ಅದೇ ಸಾಲನ್ನು ಮೊದಲಿನಿಂದ ಓದಿದ.

ಕಾದಿಯಾ ಫೋಸುವಾಳ ಕಡೆ ತಿರುಗಿದಳು. "ಇವನು ಈಗ ಏನಂದ ಗೊತ್ತಾ ಅಕ್ಕ?"

"ಇಲ್ಲ. ನೀವೇ ಹೇಳಿ."

"'ಅದೊಮಾಕೊ ದೊಡ್ಡವರ ಮಾತು ತೊಳೆದ, ಸಣ್ಣವರ ಮಾತು ಕೊಳೆಯಾಗೇ ಬಿಟ್ಟ. ಇದು ಪಕ್ಷಪಾತ. ಅವನಿಗೆ ಗೊತ್ತಿರಲಿಲ್ಲ ಅನ್ನೋದರಿಂದ ಅದು ಕಡಿಮೆಯಾಗಲ್ಲ.' ಹಿಂಗಂದ. ನೀವು ಹಿಂಗೇ ಬರೆದಿದೀರಾ?"

"ಹಾಗೇ ಬರೆದಿದೀನಿ."

ಕಾದಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಬಟ್ಟೆ ಕೊಳ್ಳಲು ಬಂದವರ ಅಳತೆ ನೋಡುವ ಹಾಗೆ. "ಓದಪ್ಪ" ಎಂದಳು. "ಇನ್ನೂ ಇದೆಯಲ್ಲ."

ಉಳಿದದ್ದು ನಾಲ್ಕೇ ಸಾಲು. ಅದರಲ್ಲಿ ಫೋಸುವಾ ತನ್ನ ಹೆಸರು ಬಂದದ್ದನ್ನು ಗುರುತಿಸಿದಳು. ಯಾವ ಭಾಷೆಯಲ್ಲೂ ಅದು ಅದೇ ಆಗಿತ್ತು. ಅವನು ಅದನ್ನೂ ನುಣುಪು ಮಾಡದೆ, ನಿಧಾನವಾಗಿ ಓದಿದ. ಪಕ್ಕದ ಅಂಗಡಿಯ ದರ್ಜಿ ಯಾವಾಗಲೋ ಹೊಲಿಗೆ ನಿಲ್ಲಿಸಿ ಕಿವಿಗೊಟ್ಟಿದ್ದ. ಕೊನೆಯ ಸಾಲು ಮುಗಿದ ಮೇಲೆ ಅದೊಮಾಕೊ ಹಾಳೆಯನ್ನು ಕಾದಿಯಾಳ ಕೈಗೆ ಕೊಟ್ಟು ಹಿಂದೆ ಸರಿದ. ದರ್ಜಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ, ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದ.