ಮುಂದಿನ ಚಕ್ರ ಆರು, ಹಿಂದಿನ ಚಕ್ರ ಐದು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಈ ಕಥೆ ಹೇಳುವ ಹಕ್ಕು ಅನುಭವಿಸಿದವನದು, ಅವನೋ ಬಾಯಿ ಬಿಡುವುದಿಲ್ಲ. ಕೇಳಿಸಿಕೊಂಡವರು ಹೇಳುವಾಗ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಹಲ್ಲಿನ ಲೆಕ್ಕವನ್ನು ಮಾತ್ರ ಮೂರು ಸಲ ಮಾಡಿ ನೋಡಿದ್ದಾಗಿದೆ. ಆದರೂ ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಹಾಸನದ ಬೋರಪ್ಪ ಮೇಸ್ತ್ರಿಯ ಗ್ಯಾರೇಜಿಗೆ ಆ ಪಿಕಪ್ ಬಂದದ್ದು ೧೯೬೩ರ ಆಷಾಢದಲ್ಲಿ. ಮಿಲಿಟರಿ ಹರಾಜಿನ ಗಾಡಿ, ಲಿವರ್ ಎಳೆದರೆ ನಾಲ್ಕು ಚಕ್ರವೂ ಎಳೆಯುವಂಥದ್ದು. ಒಡೆಯರು ಹೊಳೆನರಸೀಪುರದ ಯೋಗಾನರಸಿಂಹ, ಕೊಣನೂರಿನ ಆಚೆಯ ಹಳ್ಳಿಗಳಿಗೆ ಕರೆಂಟು ಕಂಬ ಸಾಗಿಸುವ ಕಂಟ್ರಾಕ್ಟು ಹಿಡಿದವರು. ಕೆಸರಿನಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಗಲುತ್ತದೆಂದು ಇಪ್ಪತ್ತೆಂಟು ಅಂಗುಲದ ಟೈರು ತೆಗೆಸಿ ಮೂವತ್ತೆರಡರದ್ದು ಹಾಕಿಸಿದ್ದರು. ಗಾಡಿ ಎತ್ತರವಾಯಿತು, ಕಸುವು ಹೋಯಿತು. ಕಂಬ ಹೇರಿ ದಿಬ್ಬ ಹತ್ತಿದರೆ ಕ್ಲಚ್ಚು ಸುಟ್ಟ ವಾಸನೆ ಬರುತ್ತಿತ್ತು.

ಗ್ಯಾರೇಜಿನಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದವನು ದುದ್ದದ ದ್ಯಾವಯ್ಯ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಭಿನ್ನರಾಶಿ, ತ್ರೈರಾಶಿ ಕಲಿತಿದ್ದ. ಕಲಿತದ್ದು ಸರಿಯೋ ಇಲ್ಲವೋ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಅವನು ಎರಡೂ ಆಕ್ಸಲ್ ಬಿಚ್ಚಿ ಒಳಗಿನ ಹಲ್ಲು ಎಣಿಸಿದ. ದೊಡ್ಡ ಹಲ್ಲುಚಕ್ರಕ್ಕೆ ಮೂವತ್ತೊಂಬತ್ತು, ಚಿಕ್ಕದಕ್ಕೆ ಎಂಟು. ಎಂಜಿನ್ ಕಡೆಯ ಶಾಫ್ಟು ಸುಮಾರು ಐದು ಸುತ್ತು ತಿರುಗಿದರೆ ಟೈರು ಒಂದು ಸುತ್ತು. ಟೈರು ಏಳರಲ್ಲಿ ಒಂದು ಪಾಲು ಬೆಳೆದಿರುವುದರಿಂದ ಈ ಐದೂ ಅಷ್ಟೇ ಬೆಳೆದು ಐದೂವರೆ ಆಗಬೇಕು. ನಲವತ್ತಮೂರಕ್ಕೆ ಎಂಟು ಹಲ್ಲಿನ ಜೋಡಿ ಅದಕ್ಕೆ ಹತ್ತಿರ. ಅಂಥ ಎರಡು ಜೋಡಿ, ಮುಂದಕ್ಕೊಂದು ಹಿಂದಕ್ಕೊಂದು, ಮೈಸೂರಿನಿಂದ ತರಿಸಲು ನಾಲ್ಕು ದಿನ ಬೇಕು.

ಬೋರಪ್ಪನ ಹಲಗೆಯ ಮೇಲೆ ನಲವತ್ತೊಂದಕ್ಕೆ ಏಳರ ಒಂದೇ ಒಂದು ಜೋಡಿ ಇತ್ತು. ಅದರ ಲೆಕ್ಕ ಹೆಚ್ಚುಕಮ್ಮಿ ಆರು.

"ಇದ್ನ ಹಿಂದಕ್ಕಾಕು, ಮುಂದಿಂದು ಅಂಗೇ ಇರ್ಲಿ" ಎಂದ ಬೋರಪ್ಪ.

"ಮೇಸ್ತ್ರಿ, ಶಾಫ್ಟು ಮೂವತ್ತು ಸುತ್ತು ಸುತ್ತಿದ್ರೆ ಮುಂದಿನ ಚಕ್ರ ಆರು ಸುತ್ತು ಓಯ್ತದೆ, ಹಿಂದಿಂದು ಐದೇ. ಒಂದೇ ನೊಗಕ್ಕೆ ಓಡೋ ಎತ್ತು, ನಿಧಾನದ ಎತ್ತು ಕಟ್ದಂಗೆ. ನಾಲ್ಕು ಚಕ್ರದ ಲಿವರ್ ಎಳೆದ್ರೆ ಒಂದಕ್ಕೊಂದು ಜಗ್ಗಾಡಿ ಗೇರುಪೆಟ್ಗೆ ಹಲ್ಲುದುರ್ತದೆ."

"ಹಲ್ಲುದುರೋದು ನಿಂದು ಕಣ್ಲಾ! ನಾನು ಈ ಕೆಲ್ಸಕ್ಕೆ ಕೈಯಿಟ್ಟಾಗ ನೀನು ದನ ಕಾಯ್ತಿದ್ದೆ."

ಯೋಗಾನರಸಿಂಹರು ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದರು. ದ್ಯಾವಯ್ಯ ಲೆಕ್ಕದ ಚೀಟಿ ಹಿಡಿದು ಅವರ ಬಳಿ ಹೋದ. "ಸಾ, ಒಂದ್ಸಲ ನೋಡ್ಬೇಕು."

"ಅಲ್ಲೇ ಬಾನೆಟ್ ಮೇಲಿಡು. ಏನು, ಸಾ ಅಂತೆ! ಬುದ್ಧೀ ಅನ್ನೋದು ಸಂಜೆ ಕ್ಲಾಸಲ್ಲಿ ಮರೆಸಿಬಿಟ್ರೇನೋ? ಗುರುವಾರ ಕಂಬ ಇಳೀಬೇಕು. ಬೋರಪ್ಪಾ, ನಿನ್ನ ಗ್ಯಾರೇಜಲ್ಲಿ ಮೇಸ್ತ್ರಿ ಯಾರಯ್ಯಾ, ನೀನೋ ಇವನೋ?"

ಬೋರಪ್ಪನ ಮುಖ ಕೆಂಪಾಯಿತು. "ಲೇ ದ್ಯಾವ, ಇನ್ನೊಂದ್ಸಲ ಈ ಗಾಡಿ ವಿಷ್ಯದಲ್ಲಿ ತಲೆ ಹಾಕುದ್ರೆ ಸ್ಪಾನರು ಮಡಗ್ಬುಟ್ಟು ಊರಿಗೋಗು."

ಮೇಸ್ತ್ರಿ ಹೇಳಿದಂತೆಯೇ ದ್ಯಾವಯ್ಯ ಜೋಡಿಸಿದ. ಆದರೆ ಕೈ ಆಡಿದರೂ ಮನಸ್ಸು ಒಪ್ಪಲಿಲ್ಲ. ಗೇರುಪೆಟ್ಟಿಗೆ ಒಡೆದರೆ, ಜೋಡಿಸಿದ ಕೈ ತನ್ನದೇ. ಲೆಕ್ಕ ತಪ್ಪಿದ್ದರೆ, ಅನ್ನದ ದಾರಿ ಹೋಗುವುದೂ ತನ್ನದೇ. ಬೋರಪ್ಪ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅವನು ಗಾಡಿಯ ಕೆಳಗೆ ನುಸುಳಿ, ಮುಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟನ್ನು ಬಿಚ್ಚಿ ಗಾಡಿಯ ಹಿಂಬದಿಯಲ್ಲಿದ್ದ ಗೋಣಿಚೀಲಗಳಡಿ ಇಟ್ಟ. ಇನ್ನು ಯಾರು ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಏನೂ ತಲುಪದು. ದಾರಿಯಲ್ಲಿ ಒಡೆಯರಿಗೆ ಹೇಳಿಬಿಡಬೇಕು ಎಂದುಕೊಂಡ.

ಕೈ ಹಾಕಿದವರು ಮೊದಲ ಲೋಡಿನಲ್ಲಿ ಕೂರಬೇಕೆಂಬುದು ಆ ಗ್ಯಾರೇಜಿನ ರೂಢಿ. ಗುರುವಾರ ಯೋಗಾನರಸಿಂಹರು ಗಾಡಿ ಹೊಡೆದರು, ಪಕ್ಕದಲ್ಲಿ ಬೋರಪ್ಪ, ಹಿಂದೆ ಕಂಬಗಳ ಮೇಲೆ ದ್ಯಾವಯ್ಯ. ದಿಬ್ಬಗಳನ್ನು ಗಾಡಿ ಲೀಲಾಜಾಲವಾಗಿ ಹತ್ತಿತು. ಪ್ರತಿ ದಿಬ್ಬಕ್ಕೂ ಬೋರಪ್ಪ ಕಿಟಕಿಯಿಂದ ಕತ್ತು ಹೊರಹಾಕಿ, "ಎಂಗಯ್ತ್ಲಾ ಮೇಷ್ಟ್ರೇ, ಎತ್ತು ಜಗ್ಗಾಡ್ತಾವಾ?" ಎಂದು ಕೂಗಿದ.

ಅರಕಲಗೂಡಿನಲ್ಲಿ ಕಾಫಿಗೆ ನಿಂತಾಗ ದ್ಯಾವಯ್ಯ ಕೆಳಗಿಳಿದು ಬಂದ. "ಬುದ್ದೀ, ಒಂದು ಮಾತು..."

"ಬಾಯಿ ಮುಚ್ಕೊಂಡು ಹತ್ತಿ ಕೂತ್ಕೋ" ಎಂದರು ಯೋಗಾನರಸಿಂಹರು.

ಅವನು ಹತ್ತಿ ಕೂತ. ಆಗಲೇ ಹೇಳಬೇಕಿತ್ತು, ಕೂಗಿಯಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಕೊಣನೂರು ದಾಟಿ ಗದ್ದೆಬಯಲಿಗೆ ಇಳಿದ ಗಾಡಿ ಐವತ್ತು ಮಾರು ಹೋಗಿ ಹೂತುಕೊಂಡಿತು. ಲಿವರ್ ಎಳೆದರು. ಹಿಂದಿನ ಚಕ್ರಗಳು ಕೆಸರು ಎರಚಿದವು, ಮುಂದಿನವು ಅಲುಗಲಿಲ್ಲ. ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. "ಆನೆಯಂಥ ಗಾಡಿ ಎಮ್ಮೆಯಂಗೆ ಮಲಗ್ತು ಕಣಕ್ಕಾ" ಎಂದಳೊಬ್ಬಳು.

ಬೋರಪ್ಪ ಕೆಸರಲ್ಲೇ ಅಂಗಾತ ತೆವಳಿ ನೋಡಿದ. ಎದ್ದು ಬಂದವನು ದ್ಯಾವಯ್ಯನ ಕೆನ್ನೆಗೆ ಬಾರಿಸಿದ.

"ಎಲ್ಲಿ ಮಡಗಿದ್ದೀಯ?"

"ಗೋಣಿ ಕೆಳ್ಗೆ. ಗೇರುಪೆಟ್ಗೆ ಉಳೀಲಿ ಅಂತ..."

"ನಂಗೆ ಮಸಿ ಬಳಿಯಾಕೆ ಅನ್ನು!"

"ನನ್ನ ಗಾಡಿ ಬಿಚ್ಚೋಕೆ ನಿನಗೆ ಯಾರೋ ಅಧಿಕಾರ ಕೊಟ್ಟೋರು?" ಎಂದು ಒಡೆಯರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ.

ಬೋರಪ್ಪ ಶಾಫ್ಟು ಹಾಕಿದ. ಲಿವರ್ ಎಳೆದರು. ಮುಂದಿನ ಚಕ್ರಗಳು ಕೆಸರನ್ನು ಕಚ್ಚಿದವು. ಗಾಡಿ ಒಮ್ಮೆ ಮುಲುಕಿ, ಕಂಬಗಳ ಸಮೇತ ಎದ್ದು ಬದುವಿನ ಮೇಲೆ ಬಂದು ನಿಂತಿತು. ಹೆಂಗಸರು ಕೇಕೆ ಹಾಕಿದರು. ಕಂಬ ಇಳಿಸುವಾಗ ದ್ಯಾವಯ್ಯನಿಗೆ ಕೈ ತಾಗಿಸಲೂ ಬಿಡಲಿಲ್ಲ.

"ಇಲ್ಲಿಂದಾನೇ ನಿನ್ ದಾರಿ ನೋಡ್ಕ" ಎಂದು ಬೋರಪ್ಪ ಗಾಡಿ ಹತ್ತಿದ.

ದ್ಯಾವಯ್ಯ ಗಾಡಿಯ ಪಕ್ಕದಲ್ಲೇ ಓಡಿದ. "ಬುದ್ದೀ, ಕೆಸರಲ್ಲಾದ್ರೆ ಚಕ್ರ ಜಾರ್ಕೊಂಡು ತಡ್ಕತವೆ. ಗಟ್ಟಿ ರಸ್ತೆಗೆ ಓದೇಟ್ಗೆ ಆ ಲಿವರ್ ಬುಡಿಸ್ಬುಡಿ! ಬುಡಿಸ್ಬುಡಿ ಬುದ್ದೀ!" ಒಡೆಯರು ತಿರುಗಿ ನೋಡಲಿಲ್ಲ. ಗಾಡಿ ತೋಪಿನ ಮರೆಗೆ ಹೋಯಿತು.

ಅವನು ಕೊಣನೂರಿಗೆ ನಡೆದು ಬಸ್ಸು ಹಿಡಿದ. ಆಮೇಲೆ ಚನ್ನರಾಯಪಟ್ಟಣದ ಎಣ್ಣೆ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಪಿಕಪ್ ಅರಕಲಗೂಡಿನ ಹತ್ತಿರ ಗೇರುಪೆಟ್ಟಿಗೆ ಒಡೆದುಕೊಂಡು ನಿಂತಿತ್ತೆಂದು ಒಬ್ಬರು ಹೇಳಿದರು. ಇನ್ನೊಬ್ಬರು, ಇಲ್ಲ, ಕಂಟ್ರಾಕ್ಟು ಮುಗಿಯುವವರೆಗೂ ಓಡಿತು, ಬೋರಪ್ಪನ ಕೈಗುಣ ಎಂದರು. ಇಬ್ಬರೂ ಕಣ್ಣಾರೆ ಕಂಡವರಲ್ಲ. ರಸ್ತೆಗೆ ಬಂದಾಗ ಯೋಗಾನರಸಿಂಹರು ಲಿವರ್ ಬಿಡಿಸಿದರೋ ಇಲ್ಲವೋ ಗೊತ್ತಿಲ್ಲ. ಬಿಡಿಸಿದ್ದರೆ, ಅದು ದ್ಯಾವಯ್ಯನ ಕೂಗು ಕಿವಿಗೆ ಬಿದ್ದಿದ್ದರಿಂದಲೋ ತಮ್ಮ ಅಭ್ಯಾಸದಿಂದಲೋ, ಅದೂ ಗೊತ್ತಿಲ್ಲ.