ಕಪ್ಪು ಹಿಡಿಯದ ಬಟ್ಟೆ

ಹರ್ಜಿ ಬೇವಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದಾಗ ಬಾಲೋತ್ರಾದಲ್ಲಿ ಬಟ್ಟೆಗೆ ಅಚ್ಚು ಒತ್ತುವ ಗನಿ ಛೀಪಾನ ಅಂಗಳದಲ್ಲಿ ಬಣ್ಣದ ಹಂಡೆ ಕುದಿಯತೊಡಗಿತ್ತು. ಅವನು ಕಾಯುತ್ತಿದ್ದದ್ದು ಅತ್ತಿಗೆ ಜೀವ್ಲಿಯ ಲಂಗದ ಬಟ್ಟೆಗೆ. ವಿಧವೆಯರು ಉಡುವ ಕಪ್ಪು ಹೂವಿನ ಬಟ್ಟೆ. ನಾಳೆ ಕುರಿ ಕಾಯುವ ರಬಾರಿ ಕುಲದ ಪಂಚರು ಸೇರುವ ಹೊತ್ತಿಗೆ ಅದು ಅವಳ ಮೈಮೇಲಿರಬೇಕಿತ್ತು.

ಹೂವು ಒತ್ತಿದವಳು ಗನಿಯ ಸೊಸೆ ಜೈತೂನ್. ಹರ್ಜಿ ಬಟ್ಟೆ ಒತ್ತಲು ಹೇಳಿಹೋಗಲು ಬಂದ ದಿನ ಮಾವ ಊರಲ್ಲಿರಲಿಲ್ಲ. ಅಚ್ಚು ಹಿಡಿಯಲು ಈಗಷ್ಟೇ ಕಲಿತವಳು, ಹಿಗ್ಗಿಗೆ ಕೇಳಬೇಕೆ? ಒಬ್ಬಳೇ ಒತ್ತಿ ಮುಗಿಸಿದಳು. ವಿಧವೆಯ ಬಟ್ಟೆಯನ್ನು ಅವಳ ಬಾಯಿಂದಲೇ ಕೇಳದೆ ಈ ಮನೆಯಲ್ಲಿ ಒತ್ತುವುದಿಲ್ಲವೆಂದು ಗೊತ್ತಿತ್ತು. ಗಂಡ ಸತ್ತವಳನ್ನು ಯಾಕೆ ಅಲೆಸುವುದೆಂದು ತಾನೇ ದೊಡ್ಡ ಮನಸ್ಸು ಮಾಡಿದ್ದಳು.

ಈಗ ಹಿತ್ತಲ ತೊಟ್ಟಿಯಲ್ಲಿ ಆ ಬಟ್ಟೆಯನ್ನು ಜಾಲಾಡುತ್ತಿದ್ದಾಗ ಬೇಲಿ ನುಸುಳಿ ಒಬ್ಬ ಹೆಂಗಸು ಬಂದಳು. ಕೆಂಪು ಹೂವಿನ ಲಂಗ, ಏದುಸಿರು.

“ಜೀವ್ಲಿ ಬಟ್ಟೆ ಒತ್ತಿದೋಳು ನೀನೇ ಏನೆ? ನಾನೇ ಜೀವ್ಲಿ.”

“ಹೌದಕ್ಕ. ಯಾಕೆ?”

“ನನ್ನ ಗಂಡ ಸತ್ತಿದ್ದು ನೀನು ಕಂಡ್ಯಾ? ಕುರಿ ಹೊಡ್ಕೊಂಡು ಮಾಳ್ವಕ್ಕೆ ಹೋದೋನು ಎರಡು ಮಳೆಗಾಲ ಆದ್ರೂ ಬಂದಿಲ್ಲ. ಬಂದಿಲ್ಲ, ಅಷ್ಟೆ. ನಾಳೆ ನಾನು ಆ ಕಪ್ಪು ಉಟ್ರೆ ಅವನು ಸತ್ತ ಲೆಕ್ಕ. ಕುರಿಯೆಲ್ಲ ಮೈದುನಂದು.”

“ಉಡಲ್ಲ ಅನ್ನು.”

“ಅಂದೆ. ಹಿಡ್ಕೊಂಡು ಉಡಿಸ್ತಾರಂತೆ.”

ಜೈತೂನ್ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಬದುಕಿರಬಹುದಾದ ಒಬ್ಬ ಮನುಷ್ಯನನ್ನು ತಾನು ಹಿಗ್ಗಿನಿಂದ ಕೊಂದಿದ್ದಳು. ಕಬ್ಬಿಣದ ತುಕ್ಕಿನ ಗಸಿಯಲ್ಲಿ ಒತ್ತಿದ ಹೂವು ಇನ್ನೂ ಮಾಸಲಾಗಿತ್ತು. ಹಂಡೆಗೆ ಬಿದ್ದರೆ ಕಪ್ಪಾಗುತ್ತದೆ, ಆಮೇಲೆ ದೇವರೇ ಬಂದರೂ ಹೋಗುವುದಿಲ್ಲ.

“ಜೈತೂನ್, ಬಟ್ಟೆ ತಾರಮ್ಮ. ನೀರು ಕುದೀತಿದೆ,” ಮಾವನ ದನಿ.

ತಪ್ಪಿ ಬಿದ್ದ ಹೂವನ್ನು ಅಳಿಸಲು ಇಟ್ಟಿದ್ದ ನಿಂಬೆಹುಳಿಯ ಜಾಡಿ ಪಕ್ಕದಲ್ಲೇ ಇತ್ತು. ಬೆರಳ ತುದಿಯಲ್ಲಿ ಹಚ್ಚುವ ಹುಳಿ ಅದು. ಜೈತೂನ್ ಇಡೀ ಜಾಡಿಯನ್ನೇ ಬಟ್ಟೆಯ ಮೇಲೆ ಬೋರಲು ಹಾಕಿ ತುಳಿಯತೊಡಗಿದಳು. ಜೀವ್ಲಿಯೂ ತೊಟ್ಟಿಗಿಳಿದಳು.

“ಏನ್ ತಂಗಿ, ಬಟ್ಟೆ ಜಾಲಾಡ್ತಿದ್ದೀಯೋ, ನೇಯ್ತಿದ್ದೀಯೋ?” ಹರ್ಜಿ ಹಿತ್ತಲಿಗೇ ಬರುತ್ತಿದ್ದ.

ಜೀವ್ಲಿ ಸೌದೆಯ ರಾಶಿಯ ಹಿಂದೆ ಕುಕ್ಕರಿಸಿದಳು. ಜೈತೂನ್ ಬಟ್ಟೆ ಹಿಂಡಿ, ತಲೆ ತಗ್ಗಿಸಿ ಅವನನ್ನು ದಾಟಿ ಹೋದಳು.

ಮಾವ ಬಟ್ಟೆ ಕೈಗೆ ತೆಗೆದುಕೊಂಡು ನಿಂತುಬಿಟ್ಟ. ನಿಂಬೆಯ ವಾಸನೆ ಮೂಗಿಗೆ ಬಡಿದಿರಲೇಬೇಕು. ಸೊಸೆಯ ಮುಖವನ್ನೊಮ್ಮೆ ನೋಡಿದ. ತನ್ನ ಕಥೆ ಮುಗಿಯಿತೆಂದುಕೊಂಡಳು ಜೈತೂನ್. ಅವನು ಬಟ್ಟೆಯನ್ನು ಹಾಗೇ ಹಂಡೆಗಿಳಿಸಿದ.

ಹರ್ಜಿ ಬಗ್ಗಿ ನೋಡುತ್ತಲೇ ಇದ್ದ. ಕೊನೆಗೆ ಕೋಲಿನಿಂದ ಎತ್ತಿದಾಗ ಬಂದದ್ದು ಮಂಕು ಬಣ್ಣದ ಬರೀ ಬಟ್ಟೆ.

“ಹೂವೆಲ್ಲಿ?”

ಗನಿ ಸೊಸೆಯತ್ತ ತಿರುಗಿದ. “ಜೈತೂನ್, ಆ ಹೆಂಗಸು ತಾನೇ ಬಂದು ಒತ್ತು ಅಂದ್ಲಾ?”

“ಇಲ್ಲ ಅಬ್ಬಾ.”

“ಮತ್ತೆ ಹೆಂಗಪ್ಪ ಹಿಡಿಯುತ್ತೆ? ಅವಳನ್ನೇ ಕರ್ಕೊಂಡು ಬಾ, ಒತ್ತಿಕೊಡೋಣ.”

“ಊರಲ್ಲಿ ನೀನೊಬ್ಬನೇನಾ ಛೀಪಾ?”

“ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಇದನ್ನೇ ಕೇಳ್ತಾರೆ, ಹೋಗು.”

ಹರ್ಜಿ ಉಗುಳಿ ಹೊರಟುಹೋದ. ಅವನು ಮರೆಯಾಗುವವರೆಗೂ ಗನಿ ಕಾದ.

“ಕೇಳದೆ ಒತ್ತಿದೆಯಲ್ಲ, ನಾನು ಹೇಳೋವರೆಗೂ ಅಚ್ಚು ಮುಟ್ಟಬೇಡ,” ಎಂದ. ಜೈತೂನ್ ಅಚ್ಚನ್ನು ತಂದು ಅವನ ಮುಂದಿಟ್ಟಳು.

ಜೀವ್ಲಿ ಸೌದೆಯ ಹಿಂದಿನಿಂದ ಎದ್ದು ಬಂದಳು.

“ಕಾಕಾ, ಅವನು ಬರದೇ ಇರಬಹುದು. ನನಗೂ ಗೊತ್ತು,” ಎಂದಳು. “ಒಂದಿನ ನಾನೇ ಬಂದು ಕಪ್ಪು ಒತ್ತು ಅಂತೀನಿ. ಆವತ್ತು ಇವಳ ಕೈಲೇ ಒತ್ತಿಸು.”